ಭಂಡಾರದ ಕಾಯಕ, ಪರದೇಶದ ದಾರಿ



ಕಳೆದ ಮಳೆಗಾಲದ ಕೊನೆಯಲ್ಲಿ ನಾವು ಸಿದ್ದಾಪುರದಿಂದ ಕುಮಟೆಗೆ ಇಳಿಯುವ ಘಟ್ಟದ ದಾರಿಯಲ್ಲಿರುವ ದೊಡ್ಮನೆಯ ಕಡೆಗೆ ಹೋಗಬೇಕಾಯಿತು. ಪರಿಚಯದ ಒಂದು ಮನೆಯಲ್ಲಿ ಲಿಂಗೈಕ್ಯರಾದ ಹಿರಿಯರೊಬ್ಬರ ಸ್ಮರಣೆಯ ನಿಮಿತ್ತ ಶಿವಗಣಾರಾಧನೆ ಏರ್ಪಟ್ಟಿತ್ತು. ಆ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ಅಲ್ಲೊಂದು ಇಲ್ಲೊಂದು. ಬನವಾಸಿಯ ಬಯಲಿನತ್ತ ಸರಿದಂತೆ ಹೆಚ್ಚುತ್ತವೆ. ಪ್ರಸಾದ ಮುಗಿದು ನೆಂಟರಿಷ್ಟರು ಚದುರಿದ ಮೇಲೆ ಮನೆಯ ಯಜಮಾನರು ಜಗಲಿಯಲ್ಲಿ ನಮ್ಮೆದುರಿಗೆ ಕುಳಿತು, "ಶಾಸ್ತ್ರಿಗಳೇ, ಒಂದು ಮಾತು ಕೇಳುವುದಿತ್ತು" ಎಂದರು. ಅವರ ಕೈಯಲ್ಲಿ ತೋಟದ ಪಹಣಿ ಪತ್ರಿಕೆ ಇತ್ತು. ಪಹಣಿ ಹಿಡಿದುಕೊಂಡು ಧರ್ಮದ ಮಾತು ಕೇಳಲು ಬಂದವರನ್ನು ನಾವು ಅದುವರೆಗೆ ಕಂಡಿರಲಿಲ್ಲ.

ವಿಷಯ ಇಷ್ಟು. ಅವರ ಒಬ್ಬನೇ ಮಗ ಶಿರಸಿಯಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ವಿದೇಶೀ ಬ್ಯಾಂಕೊಂದರ ಕಚೇರಿಯಲ್ಲಿ ಮೂರು ವರ್ಷಗಳಿಂದ ಕೆಲಸದಲ್ಲಿದ್ದಾನೆ. ಈಗ ಲಂಡನ್ನಿಗೆ ಹೋಗಿ ಒಂದು ವರ್ಷ ಹಣಕಾಸು ಶಾಸ್ತ್ರದ ಸ್ನಾತಕೋತ್ತರ ಪದವಿ ಓದಿ, ಅಲ್ಲಿಯೇ ಉದ್ಯೋಗ ಹಿಡಿದು ನೆಲಸಬೇಕೆಂಬುದು ಅವನ ಮನಸ್ಸು. ಓದಿಗೂ ವಾಸಕ್ಕೂ ಸೇರಿ 40 ಲಕ್ಷ ರೂಪಾಯಿ ಬೇಕು. ತೋಟವನ್ನು ಅಡವಿಡದೆ ಆ ಮೊತ್ತ ಹುಟ್ಟುವಂತಿಲ್ಲ. "ಹೋಗು ಅನ್ನಲೋ, ಬೇಡ ಅನ್ನಲೋ? ನಮ್ಮ ಶಾಸ್ತ್ರ ಏನು ಹೇಳುತ್ತದೆ? ಹೆತ್ತವರನ್ನು ಬಿಟ್ಟು, ದುಡ್ಡಿನ ವ್ಯವಹಾರಕ್ಕಾಗಿ ಸಮುದ್ರ ದಾಟುವುದು ಸರಿಯೇ?" ಎಂದು ಅವರು ಕೇಳಿದರು. ಅವರ ಮನಸ್ಸಿನಲ್ಲಿ ಬೇಡವೆಂಬ ಉತ್ತರ ಸಿದ್ಧವಾಗಿತ್ತೆಂದೂ, ಅದನ್ನು ನಮ್ಮ ಬಾಯಿಯಿಂದ ಹೇಳಿಸಬೇಕೆಂದು ಅವರು ಬಯಸಿದ್ದರೆಂದೂ ನಮಗೆ ಅನ್ನಿಸಿತು.

ಅವರ ಬಯಕೆಯನ್ನು ನಡೆಸಿಕೊಡಲು ನಮ್ಮಿಂದಾಗಲಿಲ್ಲ. ಇದಕ್ಕೆ ಹಿಂದಿನ ಒಂದು ಕಾರಣವೂ ಇದೆ, ಹೇಳಿಬಿಡುವುದು ಒಳ್ಳೆಯದು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಇಂತಹುದೇ ಒಂದು ಮನೆಯಲ್ಲಿ ನಾವು ಮಾತೃಪಿತೃಸೇವೆಯ ಮಹಿಮೆಯನ್ನು ವಿಸ್ತಾರವಾಗಿ ಹೇಳಿ, ಹೊರಟು ನಿಂತಿದ್ದ ತರುಣನೊಬ್ಬನನ್ನು ನಿಲ್ಲಿಸಿದೆವು. ಅವನು ನಿಂತ. ತೋಟವನ್ನೂ ನೋಡಿಕೊಂಡ, ತಂದೆತಾಯಿಯರನ್ನೂ ನೋಡಿಕೊಂಡ. ಆದರೆ ಇಂದಿಗೂ ದಾರಿಯಲ್ಲಿ ಎದುರಾದಾಗ ಅವನು ನಮಗೆ ಕೈಮುಗಿಯುತ್ತಾನೆಯೇ ಹೊರತು ಮಾತನಾಡಿಸುವುದಿಲ್ಲ. ಧರ್ಮವನ್ನು ಹಗ್ಗದಂತೆ ಬಳಸಿದ ಆ ತಪ್ಪು ನಮ್ಮದು.

ಶಾಸ್ತ್ರದ ಪ್ರಶ್ನೆ ಬಂದರೆ, ಊರು ಬಿಟ್ಟು ಹೋಗುವುದನ್ನು ನಿಷೇಧಿಸುವ ಯಾವ ಆಧಾರವೂ ಶರಣ ಪರಂಪರೆಯಲ್ಲಿ ನಮಗೆ ದೊರೆಯುವುದಿಲ್ಲ. ಬಾಗೇವಾಡಿಯ ಮನೆಯನ್ನು ಬಿಟ್ಟು ಹೊರಟವರು ಬಸವಣ್ಣನವರು. ಕೂಡಲಸಂಗಮದಿಂದ ಅವರು ಹೋದದ್ದು ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿದ ಮಂಗಳವೇಢೆಗೆ. ಅಲ್ಲಿ ಹಿಡಿದದ್ದು ಕರಣಿಕರ ಲೆಕ್ಕದ ಕೆಲಸ. ಮುಂದೆ ಏರಿದ್ದು ಬಿಜ್ಜಳನ ಭಂಡಾರಿಯ ಪದವಿಗೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ನಮ್ಮ ಧರ್ಮಗುರುಗಳ ವೃತ್ತಿ ಹಣಕಾಸಿನದೇ. ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದವನು. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ ಸೌದೆ ಮಾರಿದನೆಂದು ಪರಂಪರೆ ಹೇಳುತ್ತದೆ. ಇನ್ನು ಕಲ್ಯಾಣದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರ ಜೊತೆಯಲ್ಲಿ ಶರಣರು ಬಂದು ಸೇರಿದ್ದು ಇದೇ ನಮ್ಮ ಜಿಲ್ಲೆಯ ಉಳವಿಗೆ. ಅದು ಉದ್ಯೋಗಕ್ಕಾಗಿ ಹೋದ ಹೋಗಲ್ಲ, ಜೀವವನ್ನೂ ವಚನದ ಕಟ್ಟುಗಳನ್ನೂ ಉಳಿಸಿಕೊಳ್ಳಲು ನಡೆದ ನಡಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ನೆಲಕ್ಕೆ ಅಂಟಿಕೊಂಡಿರುವುದೇ ಧರ್ಮವೆಂದು ಅವರಾರೂ ತಿಳಿದಿರಲಿಲ್ಲವೆಂಬುದಂತೂ ಸ್ಪಷ್ಟ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವವನಿಗೆ ಗುಡಿ ಯಾವ ಊರಲ್ಲಿದೆ ಎಂಬ ಚಿಂತೆ ಇರಬೇಕಾಗಿಲ್ಲ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ, ಬ್ರಿಟಿಷ್ ಪಾರ್ಲಿಮೆಂಟಿನ ಆಚೆದಡದಲ್ಲಿ, ಬಸವಣ್ಣನವರ ಮೂರ್ತಿ ಅನಾವರಣಗೊಂಡದ್ದನ್ನು ಓದುಗರು ಬಲ್ಲರು. ಹುಡುಗ ಹೊರಟಿರುವ ಊರಿನಲ್ಲಿ ಭಂಡಾರಿ ಅವನಿಗಿಂತ ಮೊದಲೇ ಹೋಗಿ ನಿಂತಿದ್ದಾರೆ.

ಹಣದ ವ್ಯವಹಾರ ಹೀನವೆಂಬ ಭಾವನೆಯನ್ನೂ ಬಿಡಬೇಕು. ದೊಡ್ಮನೆಯವರಿಗೆ ಇದನ್ನು ಹೇಳಬೇಕಾದುದೇ ಇಲ್ಲ. ಇದೇ ಊರಿನಲ್ಲಿ 1926ರಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು ಕಾಶಿ, ಲಖನೌಗಳಲ್ಲಿ ಓದಿ ಬಂದು, ಹಣಕಾಸು ಸಚಿವರಾಗಿಯೂ ಮುಖ್ಯಮಂತ್ರಿಗಳಾಗಿಯೂ ರಾಜ್ಯಕ್ಕೆ 13 ಆಯವ್ಯಯ ಪತ್ರಗಳನ್ನು ಮಂಡಿಸಿದರು. 2023ರವರೆಗೆ ಆ ಸಂಖ್ಯೆಯನ್ನು ದಾಟಿದವರಿರಲಿಲ್ಲ. ನೆರೆಯ ಕೆಳದಿಯ ಶಿವಪ್ಪನಾಯಕನನ್ನು ಜನ ನೆನೆಯುವುದು ಯುದ್ಧಗಳಿಗಿಂತ ಹೆಚ್ಚಾಗಿ, ಭೂಮಿಯನ್ನು ಅಳೆದು ಕಂದಾಯ ನಿಗದಿ ಮಾಡಿದ ಅವನ ‘ಶಿಸ್ತಿ’ಗಾಗಿ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿ, ರೈತನನ್ನು ಲೇವಾದೇವಿಯವನ ಕೈಯಿಂದ ಬಿಡಿಸುವ ದಾರಿ ತೋರಿಸಿದರು. ತಾಡವೋಲೆಗಳನ್ನು ಹುಡುಕಿ ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಹೊರತಂದ ಪೂಜ್ಯ ಫ.ಗು. ಹಳಕಟ್ಟಿಯವರು ಅದಕ್ಕೂ ಮೊದಲೇ, 1912ರಲ್ಲಿ, ವಿಜಾಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದ್ದರು. ವಚನವನ್ನೂ ಬ್ಯಾಂಕನ್ನೂ ಒಂದೇ ಕೈ ಹಿಡಿಯಿತು. ಈ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ, ಏಕೋ ತಿಳಿಯದು.

ಇಷ್ಟನ್ನು ಕೇಳಿ ಯಜಮಾನರು ನಿಟ್ಟುಸಿರುಬಿಟ್ಟರು. ಮಗನ ಮುಖ ಅರಳಿತು. ನಾವು ಅವನನ್ನು ಹತ್ತಿರ ಕರೆದು, "ನೀನು ಮಾಡುವ ಕೆಲಸವೇನು, ನಮಗೆ ತಿಳಿಯುವ ಹಾಗೆ ಹೇಳಪ್ಪ" ಎಂದೆವು.

"ಅಜ್ಜಾರೆ, ಸಾಲ ಕೇಳುವ ಕಂಪನಿಗಳ ಲೆಕ್ಕಪತ್ರ ನಮ್ಮ ಮೇಜಿಗೆ ಬರುತ್ತದೆ. ಅದನ್ನು ನೋಡಿ, ಕೊಟ್ಟ ಸಾಲ ಮುಳುಗುವ ಸಂಭವ ಎಷ್ಟು ಎಂದು ಅಂಕಿ ಹಾಕಬೇಕು. ಆ ಅಂಕಿಯ ಮೇಲೆ ಸಾಲ ಕೊಡುವುದು, ಬಿಡುವುದು ತೀರ್ಮಾನವಾಗುತ್ತದೆ."

"ನೀನು ಹಾಕಿದ ಅಂಕಿಯನ್ನು ತಿದ್ದು ಎಂದು ಮೇಲಿನವರು ಹೇಳಿದರೆ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಂದೆಯ ಕಡೆ ನೋಡದೆಯೇ, "ಒಂದು ಸಲ ಹೇಳಿದ್ದರು. ನಾನು ತಿದ್ದಲಿಲ್ಲ. ಆ ವರ್ಷ ಬಡ್ತಿ ಬರಲಿಲ್ಲ" ಎಂದ. ಮನೆಯವರಿಗೆ ಈ ವಿಷಯ ಅದುವರೆಗೆ ತಿಳಿದಿರಲಿಲ್ಲ.

ಸತ್ಯಶುದ್ಧ ಕಾಯಕವೆಂದರೆ ಏನೆಂದು ಕೇಳುವವರಿಗೆ ನಾವು ಇನ್ನು ಮುಂದೆ ಈ ಹುಡುಗನ ಮಾತನ್ನು ಹೇಳಬಹುದು. ಅದು ಸಣ್ಣ ಸಂಗತಿಯೂ ಅಲ್ಲ. ಅಮೆರಿಕದಲ್ಲಿ ತೀರಿಸಲಾಗದವರಿಗೆ ಮನೆಸಾಲ ಕೊಟ್ಟು, ಆ ಸಾಲಗಳನ್ನು ಗಂಟುಕಟ್ಟಿ, ಗಂಟಿನ ಮೇಲೆ ಉತ್ತಮ ದರ್ಜೆಯ ಮುದ್ರೆ ಒತ್ತಿ ಲೋಕಕ್ಕೆಲ್ಲ ಮಾರಿದ್ದರ ಫಲವಾಗಿ 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ನೂರೈವತ್ತು ವರ್ಷ ಮೀರಿದ ಸಂಸ್ಥೆ ದಿವಾಳಿ ಘೋಷಿಸಿತು. ಅದರ ಸುಮಾರು 25,000 ನೌಕರರು ಬೀದಿಗೆ ಬಿದ್ದರು. ಅವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಮನೆ ಕಳೆದುಕೊಂಡರು. ಆ ಮುದ್ರೆ ಒತ್ತಿದ ಮೇಜುಗಳಲ್ಲಿಯೂ ಈ ಹುಡುಗನಂತಹವರೇ ಕುಳಿತಿದ್ದರು. ತಿದ್ದಲಾರೆ ಎಂದವರು ಕೆಲವರಿದ್ದಿರಬೇಕು, ಸಾಕಷ್ಟು ಇರಲಿಲ್ಲ.

ಆದುದರಿಂದ ನಾವು ಅವನಿಗೆ ಕೇಳಿದ ಮುಂದಿನ ಪ್ರಶ್ನೆ ಇದು: "ಬೆಂಗಳೂರಿನಲ್ಲಿ ನೀನು ತಿದ್ದಲಾರೆ ಎಂದೆ. ಬಡ್ತಿ ಹೋಯಿತು, ಮನೆ ಹೋಗಲಿಲ್ಲ. ತಲೆಯ ಮೇಲೆ 40 ಲಕ್ಷದ ಸಾಲವಿದ್ದು, ತೋಟ ಅಡವಿನಲ್ಲಿದ್ದು, ಆ ದೇಶದಲ್ಲಿ ಇರುವ ಪರವಾನಗಿಯೇ ಮಾಲೀಕನ ಕೈಯಲ್ಲಿದ್ದಾಗ ಆ ಮಾತನ್ನು ಹೇಳಬಲ್ಲೆಯಾ?"

ಅವನು ಉತ್ತರಿಸಲಿಲ್ಲ. ಉತ್ತರಿಸದೆ ಇದ್ದುದರಿಂದಲೇ ಅವನ ಮೇಲೆ ನಮಗೆ ನಂಬಿಕೆ ಬಂದಿತು.

ಆಮೇಲೆ ಜಗಲಿಯಲ್ಲಿಯೇ ಕಾಗದ ತರಿಸಿ ಲೆಕ್ಕ ಹಾಕಿದೆವು. ಮಠದಲ್ಲಿ ವ್ಯಾಕರಣ ಕಲಿತ ನಮಗೆ ಇದು ಹೊಸತು, ಹುಡುಗನೇ ಹೇಳಿಕೊಟ್ಟ. ಶೇಕಡ 11ರ ದರದಲ್ಲಿ 40 ಲಕ್ಷಕ್ಕೆ ವರ್ಷದ ಬಡ್ಡಿಯೊಂದೇ 4 ಲಕ್ಷ 40 ಸಾವಿರ. ಎರಡೆಕರೆ ಅಡಿಕೆ ತೋಟದಲ್ಲಿ ಕೊನೆಗೌಡರ ಕೂಲಿ, ಗೊಬ್ಬರ, ಕೊಳೆರೋಗಕ್ಕೆ ಮದ್ದು ಹೊಡೆಸಿದ ಖರ್ಚು, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗದಿಂದಾದ ನಷ್ಟ ಇವೆಲ್ಲ ಕಳೆದು ಉಳಿಯುವುದು ಈ ಬಡ್ಡಿಗೆ ಸಾಲುವುದೇ ಎಂದು ಕೇಳಿದೆವು. ಯಜಮಾನರು, "ಒಳ್ಳೆಯ ವರ್ಷ ಸಾಲಬಹುದು" ಎಂದರು. ಕಳೆದ ವರ್ಷ ಒಳ್ಳೆಯ ವರ್ಷವೇ ಎಂದು ನಾವು ಕೇಳಲಿಲ್ಲ. ತೋಟದ ಅಂಚಿನಲ್ಲಿ ಉದುರಿ ಕೊಳೆತ ಕಾಯಿಗಳ ರಾಶಿಯನ್ನು ಬರುವಾಗಲೇ ನೋಡಿದ್ದೆವು.

ಶಿರಸಿಗೋ ಹುಬ್ಬಳ್ಳಿಗೋ ಬಂದು ಹೋಗುವ ಏಜೆಂಟರು ಹೇಳದ ಕೆಲವು ಸಂಗತಿಗಳನ್ನೂ ಹುಡುಗನೇ ಬಿಡಿಸಿ ಹೇಳಿದ. ಬ್ರಿಟನ್ನಿನಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಿಕೊಳ್ಳಲು ಕೊಡುತ್ತಿದ್ದ ಎರಡು ವರ್ಷದ ಅವಧಿಯು 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳೆಂದು ಅಲ್ಲಿನ ಸರ್ಕಾರ ಪ್ರಕಟಿಸಿದೆ. ಆ ಅವಧಿ ಮುಗಿಯುವುದರೊಳಗೆ ಪ್ರಾಯೋಜಕತ್ವ ಕೊಡುವ ಮಾಲೀಕ ಸಿಗಬೇಕು. 2025ರ ಜುಲೈಯಿಂದ ಅಂತಹ ಕೆಲಸಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳವಾದರೂ ಇರಬೇಕು, ಹೊಸಬರಿಗೆ ಕೆಲವು ರಿಯಾಯಿತಿಗಳಿವೆ. ಸಿಕ್ಕ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಮತ್ತೊಬ್ಬ ಮಾಲೀಕನನ್ನು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಅಮೆರಿಕದ ಬಾಗಿಲಾದರೋ ಇನ್ನೂ ಕಿರಿದು. ಅಲ್ಲಿನ ಎಚ್-1ಬಿ ವೀಸಾಗಳು ವರ್ಷಕ್ಕೆ 85,000, ಅದೂ ಚೀಟಿ ಎತ್ತಿ. ಸಾಲದೆಂಬಂತೆ 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರಿನ ಶುಲ್ಕವನ್ನು ಅಲ್ಲಿನ ಅಧ್ಯಕ್ಷರು ಘೋಷಿಸಿದರು. ದುಬೈಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಆದರೆ ಎಷ್ಟು ವರ್ಷ ದುಡಿದರೂ ಆ ನೆಲ ನಮ್ಮವರನ್ನು ಪೌರರನ್ನಾಗಿ ಸ್ವೀಕರಿಸುವುದು ತೀರ ಅಪರೂಪ.

ಹೋದವರು ಹಣ ಕಳಿಸುವುದಿಲ್ಲವೆಂದಲ್ಲ. 2023-24ರಲ್ಲಿ ಹೊರನಾಡುಗಳಿಂದ ಭಾರತಕ್ಕೆ ಬಂದ ಹಣ 118.7 ಶತಕೋಟಿ ಡಾಲರೆಂದು ರಿಸರ್ವ್ ಬ್ಯಾಂಕು ಹೇಳಿದೆ. ಆ ಹಣದಿಂದ ಎಷ್ಟೋ ಮನೆಗಳ ಸೂರು ಎದ್ದಿದೆ, ತಂಗಿಯರ ಕಲ್ಯಾಣವಾಗಿದೆ, ಮಠಗಳ ದಾಸೋಹಕ್ಕೂ ಒಂದು ಪಾಲು ಸಂದಿದೆ. ಅಂತಹ ದಾನವನ್ನು ಸ್ವೀಕರಿಸಿದ ಕಡೆಯೇ ನಾವು ಪಾಠ ಹೇಳಿ ಉಂಡಿದ್ದೇವೆ. ಹೋದವರನ್ನು ಹಳಿಯುವ ಬಾಯಿ ನಮಗೆ ಹೇಗೆ ಬರಬೇಕು?

ಈ ಎಲ್ಲ ಮಾತಿನ ನಡುವೆ ಮನೆಯ ತಾಯಿ ನಡುಮನೆಯ ಬಾಗಿಲಿಗೆ ಒರಗಿ ನಿಂತೇ ಇದ್ದರು. ಯಾರೂ ಅವರನ್ನು ಕೇಳಿರಲಿಲ್ಲ. ನಾವೂ ಅದುವರೆಗೆ ಕೇಳಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. "ತಾಯಿ, ನೀವೇನು ಹೇಳುತ್ತೀರಿ?" ಎಂದಾಗ ಅವರು ಸೆರಗು ಸರಿಮಾಡಿಕೊಂಡು ಹೇಳಿದರು:

"ನಾನು ಬೇಡ ಅಂದರೆ ಅವನು ನಿಲ್ಲುತ್ತಾನೆ ಶಾಸ್ತ್ರಿಗಳೇ. ಅದಕ್ಕೇ ನಾನು ಬೇಡ ಅನ್ನುವುದಿಲ್ಲ. ಆದರೆ ತೋಟ ಅಡ ಇಡುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮೇಲಿನ ಅರ್ಧ ಎಕರೆ ನನ್ನ ತವರಿನ ಬಂಗಾರ ಮಾರಿ ಕೊಂಡದ್ದು. ಮತ್ತೊಂದು ಇದೆ. ಮಳೆಗಾಲದಲ್ಲಿ ಇವರು ಮದ್ದು ಹೊಡೆಯುವವರನ್ನು ಹುಡುಕಿಕೊಂಡು ಊರೂರು ತಿರುಗುತ್ತಾರೆ. ಕರೆಂಟು ಹೋಗಿ ನಾಲ್ಕು ದಿನ ಬರುವುದಿಲ್ಲ. ಫೋನೂ ಸಾಯುತ್ತದೆ. ಆಗ ಈ ಮನೆಯಲ್ಲಿ ನಾನೊಬ್ಬಳೇ. ಅವನು ಬೆಂಗಳೂರಲ್ಲಿದ್ದರೂ ಅಷ್ಟೇ, ಲಂಡನ್ನಿನಲ್ಲಿದ್ದರೂ ಅಷ್ಟೇ."

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮಗೆ ಬೇಕೇ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಿದವಳು ಲಕ್ಕಮ್ಮ. ಆ ಮನೆಯ ಲೆಕ್ಕ ತಪಾಸಣೆ ಅವಳದಾಗಿತ್ತು. ನಮ್ಮ ಮನೆಗಳಲ್ಲಿ ಶರಣೆಯರ ಚಿತ್ರಕ್ಕೆ ಹೂ ಏರಿಸುತ್ತೇವೆ. ಪಹಣಿ ಹಿಡಿದು ಕುಳಿತಾಗ ಮಾತ್ರ ಗಂಡಸರು ಗಂಡಸರೇ ಮಾತನಾಡಿಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ನಾವು ಹಾಕಿದ ಅಷ್ಟೂ ಲೆಕ್ಕದಲ್ಲಿ ಆ ತಾಯಿಯ ಬಂಗಾರವೂ ಇರಲಿಲ್ಲ, ಕತ್ತಲೆಯ ನಾಲ್ಕು ದಿನಗಳೂ ಇರಲಿಲ್ಲ.

ತೋಟದ ವಿಷಯದಲ್ಲಿ ಓದುಗರು ತಿಳಿದಿರಬೇಕಾದ ಒಂದು ಕಾನೂನಿನ ಮಾತುಂಟು. ಹೊರದೇಶದಲ್ಲಿ ನೆಲಸಿದ ಭಾರತೀಯನು ಪಿತ್ರಾರ್ಜಿತವಾಗಿ ಬಂದ ಕೃಷಿಭೂಮಿಯನ್ನು ಇಟ್ಟುಕೊಳ್ಳಬಹುದು. ಆದರೆ ಅಲ್ಲಿದ್ದುಕೊಂಡು ಇಲ್ಲಿ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಹಣ ಕೊಟ್ಟು ಕೊಳ್ಳುವಂತಿಲ್ಲ. ವಿದೇಶೀ ವಿನಿಮಯದ ನಿಯಮ ಹಾಗಿದೆ. ಅಲ್ಲಿನ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಸಾಗರೋತ್ತರ ಭಾರತೀಯ ಪೌರನೆಂಬ ಕಾರ್ಡು ಪಡೆದವನಿಗೂ ತೋಟ ಕೊಳ್ಳುವ ವಿಷಯದಲ್ಲಿ ಇದೇ ನಿರ್ಬಂಧ. ಅಂದರೆ ಸಾಲ ತೀರದೆ ತೋಟ ಹರಾಜಿಗೆ ಹೋದರೆ, ಮುಂದೊಂದು ದಿನ ಅವನು ಪೌಂಡುಗಳ ರಾಶಿಯನ್ನೇ ಗಳಿಸಿದರೂ, ಅಲ್ಲಿಂದಲೇ ಅದನ್ನು ಬಿಡಿಸಿಕೊಂಡು ತನ್ನ ಹೆಸರಿಗೆ ಮಾಡಿಕೊಳ್ಳಲಾರ. ಅಜ್ಜ ನೆಟ್ಟ ಮರಗಳನ್ನು ಮತ್ತೊಬ್ಬರು ಕೊಯ್ಯುವುದನ್ನು ನೋಡಬೇಕಾದೀತು. ಈ ಮಾತು ಕೇಳಿ ಹುಡುಗ ಮೊದಲ ಬಾರಿಗೆ ತೋಟದ ಕಡೆ ತಿರುಗಿ ನೋಡಿದ.

ನಮ್ಮ ಅಭಿಪ್ರಾಯವನ್ನು ಅಂದು ಸಂಜೆ ಹೊರಡುವ ಮೊದಲು ಹೇಳಿದೆವು. ಹೋಗುವುದರಲ್ಲಿ ದೋಷವಿಲ್ಲ. ಆದರೆ ತಿದ್ದಲಾರೆ ಎಂದು ಹೇಳುವ ಸ್ವಾತಂತ್ರ್ಯವನ್ನು ಉಳಿಸಿಕೊಂಡು ಹೋಗಬೇಕು. ಅಡವಿಟ್ಟು ಹೋದರೆ ತೋಟದ ಜೊತೆಗೆ ಅದನ್ನೂ ಅಡವಿಟ್ಟಂತೆ. ಅದಕ್ಕೆ ದಾರಿಯೂ ಇಲ್ಲದಿಲ್ಲ. ಲೋಕದ ದೊಡ್ಡ ಹಣಕಾಸು ಸಂಸ್ಥೆಗಳು ಈಗ ಬೆಂಗಳೂರಿನಲ್ಲಿಯೇ ಕಚೇರಿ ಮಾಡಿವೆ. ಗೋಲ್ಡ್‌ಮನ್ ಸ್ಯಾಕ್ಸ್ ಬಂದದ್ದು 2004ರಲ್ಲಿ. ಸಿ.ಎಫ್.ಎ. ಎಂಬ ಮೂರು ಹಂತದ ಪರೀಕ್ಷೆಗೆ ನಾನಾ ದೇಶಗಳಲ್ಲಿ ಮನ್ನಣೆಯಿದೆ, ಬೆಂಗಳೂರಿನಲ್ಲಿ ಕುಳಿತು ಬರೆಯಬಹುದು, ಕೆಲಸವನ್ನು ಬಿಡಬೇಕಾಗಿಲ್ಲ. ಹುಡುಗನ ಲೆಕ್ಕದಂತೆ ಅದರ ಒಟ್ಟು ವೆಚ್ಚ ಲಂಡನ್ನಿನ ಓದಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅದನ್ನು ಮುಗಿಸಿ, ಈಗಿರುವ ಸಂಸ್ಥೆಯ ಮೂಲಕವೇ ಲಂಡನ್ನಿಗೆ ವರ್ಗ ಕೇಳಿದರೆ, ಹೋದ ತಿಂಗಳಿನಿಂದಲೇ ಸಂಬಳ, ತಲೆಯ ಮೇಲೆ ಸಾಲವಿಲ್ಲ, ಬೇಡವೆನಿಸಿದ ದಿನ ಮರಳಿ ಬರಲು ನೆಲವಿದೆ. ನಾಲ್ಕೈದು ವರ್ಷ ತಡವಾಗಬಹುದು. "ಅಷ್ಟರಲ್ಲಿ ನನ್ನ ಜೊತೆಯವರು ಎಲ್ಲಿಗೋ ಹೋಗಿರುತ್ತಾರೆ ಅಜ್ಜಾರೆ" ಎಂದ ಹುಡುಗ. ಹೋಗಿರುತ್ತಾರೆ ನಿಜ. ಅದಕ್ಕೆ ನಮ್ಮಲ್ಲಿ ಸಮಾಧಾನದ ಮಾತಿರಲಿಲ್ಲ, ಹೇಳಲೂ ಇಲ್ಲ.

ಯಜಮಾನರಿಗೂ ಒಂದು ಮಾತು ಹೇಳಿದೆವು. ಮಗ ಹೋದ ಮೇಲೆ ತೋಟದ ಗತಿಯೇನೆಂಬ ಪ್ರಶ್ನೆಗೆ ಮಗನೊಬ್ಬನೇ ಉತ್ತರವಲ್ಲ. ಹಾವೇರಿಯ ಕಡೆ ಕೊಟ್ಟ ಮಗಳಿದ್ದಾಳೆ; ಅವಳಿಗೂ ಆಸ್ತಿಯಲ್ಲಿ ಹಕ್ಕುಂಟು, ಅವಳಿಗೂ ಬುದ್ಧಿಯುಂಟು. ಅವಳನ್ನೂ ಅಳಿಯನನ್ನೂ ಕರೆಸಿ, ಎಲ್ಲರೂ ಕುಳಿತು, ಯಾರ ಹೊಣೆ ಎಷ್ಟು ಎಂಬುದನ್ನು ಬರೆದಿಡಿ ಎಂದೆವು. ಬರೆದಿಡುವ ಮಾತು ಅವರಿಗೆ ರುಚಿಸಿದಂತೆ ಕಾಣಲಿಲ್ಲ.

ಈ ಅಂಕಣ ಬರೆಯುವ ಹೊತ್ತಿಗೆ ಆ ಮನೆಯಿಂದ ಫೋನು ಬಂದಿದೆ. ಹುಡುಗ ಮೊದಲ ಹಂತದ ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಬರಬೇಕು. ಪಹಣಿ ಪತ್ರಿಕೆ ಪೆಟ್ಟಿಗೆ ಸೇರಿದೆ. ಮಗಳು ಬಂದು ಹೋದಳಂತೆ. ಬರೆದಿಟ್ಟರೋ ಇಲ್ಲವೋ ಯಜಮಾನರು ಹೇಳಲಿಲ್ಲ. ಫೋನು ಇಡುವ ಮೊದಲು ತಾಯಿ ಮಾತನಾಡಿದರು. ಮಗ ದೀಪಾವಳಿಗೆ ಬಂದವನು ಎರಡು ದಿನ ಹೆಚ್ಚು ಉಳಿದು, ಮನೆಗೆ ಇನ್ವರ್ಟರ್ ಹಾಕಿಸಿ ಹೋಗಿದ್ದಾನೆ. ಭಾರತ ಹುಣ್ಣಿಮೆಗೆ ಎಲ್ಲರೂ ಉಳವಿಯ ಜಾತ್ರೆಗೆ ಬರುತ್ತಾರಂತೆ. "ನೀವೂ ಬನ್ನಿ ಶಾಸ್ತ್ರಿಗಳೇ, ಅವನೂ ರಜೆ ಹಾಕಿದ್ದಾನೆ" ಎಂದರು. ಮೊಣಕಾಲು ಒಪ್ಪಿದರೆ ಬರುತ್ತೇವೆಂದು ಹೇಳಿದ್ದೇವೆ.